ಯಾರೂ ಹುಟ್ಟದ ದಂಡೆಯ ಶಾಲೆ

ಹೊಸದಂಡೆ, ಕೃಷ್ಣೆಯ ಹಿನ್ನೀರು
ಕ್ರಿಸ್ತಶಕ 2171, ನೀರಿಳಿ ತಿಂಗಳು, ಕೆಸರು ಬಿರುಕು ಬಿಡುವ ವಾರ

ಹಿಂದಿನವರೇ,

ಮೇಲೆ ಬರೆದ ತಾರೀಖು ನಿಮಗೆ ಸುಳ್ಳಿನಂತೆ ಕಾಣಬಹುದು. ನನ್ನ ಮಾತುಗಳಲ್ಲಿ ಕೆಲವು ಒರಟಾಗಿಯೂ ಕೆಲವು ಅರ್ಥವಿಲ್ಲದವಾಗಿಯೂ ಕೇಳಬಹುದು. ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಈ ಪತ್ರದಲ್ಲಿ ನಾನು ಕ್ಷಮೆ ಕೇಳುವುದು ಇದೊಂದಕ್ಕೇ.

ನೀವು ಯಾರೆಂದು ನನಗೆ ಸರಿಯಾಗಿ ಗೊತ್ತಿಲ್ಲ. ಇಪ್ಪತ್ತೊಂದನೆಯ ಶತಮಾನದ ಮೊದಲ ಭಾಗದಲ್ಲಿ ಯಾವುದೋ ಕಚೇರಿಯ ಫ್ಯಾನಿನ ಕೆಳಗೆ ಕೂತು, ಈ ಸೀಮೆಯಲ್ಲಿ ಈ ವರ್ಷ ಇಷ್ಟು ಮಕ್ಕಳು ಹುಟ್ಟಿದರೆ ಆರು ವರ್ಷದ ನಂತರ ಒಂದನೇ ತರಗತಿಗೆ ಎಷ್ಟು ಜನ ಬರುತ್ತಾರೆ ಎಂದು ಲೆಕ್ಕ ಹಾಕಿದವರು ನೀವು, ಅಥವಾ ಅವರ ಅಕ್ಕಪಕ್ಕ ಬದುಕಿದವರು. ಆ ಲೆಕ್ಕದ ಉದ್ದೇಶ ಒಳ್ಳೆಯದೇ ಇರಬೇಕು. ಮಗು ಬರುವ ಮೊದಲೇ ಅದಕ್ಕೊಂದು ಕೋಣೆ, ಒಬ್ಬ ಮಾಸ್ತರ, ಮಧ್ಯಾಹ್ನಕ್ಕೊಂದು ತಟ್ಟೆ ಸಿದ್ಧವಿರಲಿ ಎಂದು ಬಯಸುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಆದರೆ ನಿಮ್ಮ ಸೂತ್ರವನ್ನು ಒಂದಕ್ಷರವೂ ಬದಲಿಸದೆ ಇಲ್ಲಿಯವರೆಗೆ ನಡೆಸಿಕೊಂಡು ಬಂದಿದ್ದೇವೆ ಎಂದು ನಮ್ಮ ಮುನ್ನೆಣಿಕೆ ಕಚೇರಿಯವರು ಎದೆಯುಬ್ಬಿಸಿ ಹೇಳುತ್ತಾರೆ. ಅವರೊಡನೆ ಆಡಬೇಕಾದ ಜಗಳವನ್ನು ಆಡಿದ್ದಾಯಿತು. ಉಳಿದದ್ದನ್ನು ನಿಮ್ಮೊಡನೆಯೇ ಆಡಬೇಕು.

ಮೊದಲು ನಮ್ಮ ಜಾಗ ಎಂಥದು ಎಂದು ತಿಳಿಸುತ್ತೇನೆ. ನಿಮ್ಮ ಕಾಲದ ಅಣೆಕಟ್ಟು ಈಗಲೂ ನಿಂತಿದೆ. ಅದರ ಹಿಂದೆ ನೀರಿಗಿಂತ ಹೂಳು ಹೆಚ್ಚು. ನಾವು ಆ ಹೂಳನ್ನು ಎತ್ತುವವರು. ಮೊಗೆದೋಣಿ ಎಂಬ ದೊಡ್ಡ ದೋಣಿ ತನ್ನ ಸೊಂಡಿಲನ್ನು ತಳಕ್ಕೆ ಬಿಟ್ಟು ಕೆಸರನ್ನು ಹೀರಿ ದಂಡೆಗೆ ಉಗುಳುತ್ತದೆ. ನಾವು ಅದನ್ನು ಜೊಂಡಿನ ಚಾಪೆಗಳ ಮೇಲೆ ಹರಡಿ, ನೀರು ಬಸಿದು, ಅಂಗೈಯಿಂದ ತಟ್ಟಿ ಬಿಸಿಲಿಗೆ ಇಡುತ್ತೇವೆ. ಒಣಗಿದ ಮೇಲೆ ಅದಕ್ಕೆ ಹೂಳುರೊಟ್ಟಿ ಎಂದು ಹೆಸರು. ದೋಣಿ ತುಂಬ ಹೂಳುರೊಟ್ಟಿ ಮೇಲಿನ ಸೀಮೆಗೆ, ಮಣ್ಣು ಸವೆದು ಕಲ್ಲು ಎದ್ದ ಹೊಲಗಳಿಗೆ ಹೋಗುತ್ತದೆ. ನಿಮ್ಮ ಕಾಲದ ಹೊಲಗಳಿಂದ ಕೊಚ್ಚಿ ಬಂದ ಮಣ್ಣನ್ನೇ ನಾವು ಹೊಲಗಳಿಗೆ ಹಿಂದಿರುಗಿಸುತ್ತಿದ್ದೇವೆ. ಇದನ್ನು ಹೇಳುವಾಗ ನನಗೆ ಹೆಮ್ಮೆ ಇದೆ, ಮುಚ್ಚಿಡುವುದಿಲ್ಲ.

ಇಲ್ಲಿ ಎಲ್ಲರ ಬಟ್ಟೆಯೂ ಒಂದೇ ಬಣ್ಣ, ಯಾವ ಬಣ್ಣದ್ದನ್ನು ಕೊಂಡರೂ. ಕೆಸರಿನ ಮೇಲೆ ನಡೆಯಲು ಕಾಲಿಗೆ ಅಗಲವಾದ ಹಲಗೆ ಕಟ್ಟಿಕೊಳ್ಳುತ್ತೇವೆ. ಅದಕ್ಕೆ ಹಲಗೆಗಾಲು ಅನ್ನುತ್ತೇವೆ. ಬೆಳಿಗ್ಗೆ ಶಾಲೆಗೆ ಹೋಗುವ ಮಕ್ಕಳ ಹಲಗೆಗಾಲು ಪಟಪಟ ಎನ್ನುವ ಸದ್ದಿಗೇ ನಮ್ಮ ದಂಡೆ ಏಳುತ್ತದೆ. ಶಾಲೆಯ ಮುಂದೆ ಉದ್ದನೆಯ ತೊಟ್ಟಿ ಇದೆ. ಕಾಲು ತೊಳೆಯದೆ ಒಳಗೆ ಬಂದವರನ್ನು ದಸ್ತಗೀರ ಮಾಸ್ತರರು ಹಿಂದಕ್ಕೆ ಕಳಿಸುತ್ತಾರೆ. ಆ ತೊಟ್ಟಿಯ ಸುತ್ತ ನಡೆಯುವ ಜಗಳ, ನೀರೆರಚಾಟ, ಕಾಣೆಯಾದ ಹಲಗೆಗಾಲಿನ ದೂರು, ಇವೆಲ್ಲ ಮುಗಿದ ಮೇಲೆ ಪಾಠ. ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿದ ದಿನ ಶಾಲೆಗೆ ರಜೆ. ಮಧ್ಯಾಹ್ನ ಜೋಳದ ರೊಟ್ಟಿ, ಒಣಮೀನಿನ ಚಟ್ನಿ, ಮೀನು ತಿನ್ನದವರಿಗೆ ಅಗಸಿ ಚಟ್ನಿ. ನಾನು ಓದಿದ್ದು ಇದೇ ಶಾಲೆಯಲ್ಲಿ. ಆಮೇಲೆ ಓದಿದ್ದೆಲ್ಲ ಮಣ್ಣಿನ ದೋಣಿಗಳಲ್ಲಿ ಕೈಯಿಂದ ಕೈಗೆ ಬರುವ ಜೊಂಡುಕಾಗದದ ಕರಪತ್ರಗಳು. ಅವುಗಳಲ್ಲಿ ಒಂದರಿಂದಲೇ ನಿಮ್ಮ ಸೂತ್ರದ ಬಗ್ಗೆ ತಿಳಿದುಕೊಂಡೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮ ದಂಡೆಯಲ್ಲಿ ಯಾರೂ ಹುಟ್ಟಿಲ್ಲ.

ಮಕ್ಕಳಿಲ್ಲ ಎಂದು ಇದರ ಅರ್ಥವಲ್ಲ. ಮಕ್ಕಳು ಬೇಕಾದಷ್ಟಿದ್ದಾರೆ. ಆದರೆ ಹೆಣ್ಣು ತವರಿನಲ್ಲಿ ಹಡೆಯಬೇಕು ಎಂಬ ನಿಮ್ಮ ಕಾಲದ ಪದ್ಧತಿ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಚೊಚ್ಚಲಿಗೆ ಮಾತ್ರವಲ್ಲ, ಎಲ್ಲ ಹೆರಿಗೆಗೂ. ಇಲ್ಲಿ ಒಟ್ಟಿಗೆ ಹೂಳು ತಟ್ಟಿದವರೆಲ್ಲ ಅಣ್ಣತಮ್ಮ ಅಕ್ಕತಂಗಿಯರೆಂದು ಭಾವಿಸುತ್ತೇವೆ. ಹಾಗಾಗಿ ದಂಡೆಯೊಳಗೆ ಮದುವೆಯಿಲ್ಲ. ಸೊಸೆಯರೆಲ್ಲ ಮೇಲಿನ ಊರುಗಳಿಂದ ಬಂದವರು, ಹಡೆಯಲು ಅಲ್ಲಿಗೇ ಹೋಗುತ್ತಾರೆ. ನಮ್ಮ ಹೆಣ್ಣುಮಕ್ಕಳು ಹಡೆಯಲು ಇಲ್ಲಿಗೆ ಬರಬೇಕಲ್ಲವೇ ಎಂದು ನೀವು ಕೇಳಬಹುದು. ಬರುವುದಿಲ್ಲ. ಹೂಳಿನ ತೇವ ಹಸಿಕೂಸಿಗೆ ಆಗದು ಎಂದು ತಾಯಂದಿರೇ ಮೇಲಿನ ಊರಿನ ತಮ್ಮ ತವರಿಗೆ ಹೋಗಿ ಮಗಳನ್ನು ಅಲ್ಲಿಗೆ ಕರೆಸಿಕೊಳ್ಳುತ್ತಾರೆ. ಮಗು ಐದು ತಿಂಗಳಿನದಾದ ಮೇಲೆ ತೊಟ್ಟಿಲ ಸಮೇತ ದೋಣಿ ಏರಿ ಮನೆಗೆ ಬರುತ್ತದೆ. ನಾನೂ ಹಾಗೆಯೇ ಬಂದವಳು.

ನಿಮ್ಮ ಸೂತ್ರಕ್ಕೆ ಇದು ಕಾಣುವುದಿಲ್ಲ. ಅದು ಮಗುವನ್ನು ಹುಟ್ಟಿದ ಸೀಮೆಯಲ್ಲಿ ಎಣಿಸುತ್ತದೆ, ಆರು ವರ್ಷ ಮುಂದೆ ತಳ್ಳಿ ಅಲ್ಲಿಯ ಶಾಲೆಯಲ್ಲಿ ಕೂರಿಸುತ್ತದೆ, ವರ್ಷಕ್ಕೊಂದು ತರಗತಿ ಮೇಲೇರಿಸುತ್ತದೆ. ಹುಟ್ಟದ ಸೀಮೆಯ ಶಾಲೆಯಲ್ಲಿ ಮಗು ಕೂತಿದ್ದರೆ ಅದಕ್ಕೆ ತಂಗುಮಗು ಎಂದು ಹೆಸರಿಟ್ಟಿದ್ದಾರೆ. ತಂಗುಮಗು ಎಂದರೆ ನಾಲ್ಕು ದಿನ ಇದ್ದು ಹೋಗುವ ನೆಂಟ. ಈ ವರ್ಷದ ಹಾಜರಿಯಲ್ಲಿ ಅದು ಇರಬಹುದು, ಮುಂದಿನ ವರ್ಷಗಳ ಎಣಿಕೆಯಲ್ಲಿ ಇರುವಂತಿಲ್ಲ. ನಮ್ಮ ಶಾಲೆಯಲ್ಲಿ ಇರುವವರೆಲ್ಲ ತಂಗುಮಕ್ಕಳು. ಆದ್ದರಿಂದ ಮುನ್ನೆಣಿಕೆ ಕಚೇರಿ ಹೊಸದಂಡೆಯ ಮುಂದಿನ ಹತ್ತು ವರ್ಷಗಳಿಗೆ ಸೊನ್ನೆ ಎಂದು ಬರೆಯಿತು. ಶಾಲೆ ಮುಚ್ಚಿ, ಮಾಸ್ತರರನ್ನು ಹಿಂದಕ್ಕೆ ಕರೆಸಿ, ಮಕ್ಕಳನ್ನು ಅವರವರ ಹುಟ್ಟುಸೀಮೆಯ ಶಾಲೆಗೆ ಸೇರಿಸಬೇಕೆಂದು ಆಜ್ಞೆ ಬಂತು. ಆ ಊರುಗಳಲ್ಲಿ ನಮ್ಮ ಮಕ್ಕಳಿಗಾಗಿ ನಿಜವಾಗಿಯೂ ಕೋಣೆ ಕಟ್ಟಿ ಬೆಂಚು ಹಾಕಿಟ್ಟಿದ್ದಾರೆ. ಖಾಲಿ ಬೆಂಚುಗಳು.

ನಮ್ಮ ಮನೆಯಲ್ಲಿ ಇದರ ಪೆಟ್ಟು ಬೀಳುವುದು ಚನ್ನಿಗೆ. ಅವಳು ನನ್ನ ಅಣ್ಣನ ಮಗಳು, ಒಂದನೇ ತರಗತಿ ಮುಗಿಸಿದ್ದಾಳೆ. ಹುಟ್ಟಿದ್ದು ತಾಯಿಯ ತವರಾದ ಕರಿಹಾಳದಲ್ಲಿ. ಶಾಲೆ ಮುಚ್ಚಿದರೆ ಅವಳು ಕರಿಹಾಳಕ್ಕೆ ಹೋಗಿ ಅಜ್ಜಿಯ ಮನೆಯಲ್ಲಿರಬೇಕು, ವರ್ಷಕ್ಕೊಮ್ಮೆ ನಮ್ಮ ಮುಖ ನೋಡಬೇಕು. ಪಕ್ಕದ ಕಲ್ಲದಂಡೆಯಲ್ಲಿ ಹೀಗೇ ಆಯಿತು. ಶಾಲೆ ಹೋಯಿತು, ಮಕ್ಕಳು ಹೋದರು, ಮಕ್ಕಳ ಹಿಂದೆ ತಾಯಂದಿರು ಹೋದರು, ಈಗ ಅಲ್ಲಿ ಚಾಪೆಗಳು ಕೊಳೆಯುತ್ತಿವೆ. ನೋಡಿ, ಕಲ್ಲದಂಡೆಗೆ ಸೊನ್ನೆ ಎಂದಿದ್ದೆವು, ಸೊನ್ನೆಯೇ ಆಯಿತು ಎಂದು ಕಚೇರಿಯವರು ಹೇಳಿಕೊಂಡರು. ಅವರ ಎಣಿಕೆ ಎಂದೂ ತಪ್ಪುವುದಿಲ್ಲ, ಏಕೆಂದರೆ ತಪ್ಪನ್ನು ನಿಜ ಮಾಡುವ ಅಧಿಕಾರವೂ ಅವರ ಕೈಯಲ್ಲೇ ಇದೆ.

ನಾವು ದೂರು ಕೊಟ್ಟೆವು. ವಿಚಾರಣೆಗೆ ಕಟ್ಟಿಮನಿ ಎಂಬ ಮುನ್ನೆಣಿಕೆಗಾರರು ಬಂದರು. ಹಲಗೆಗಾಲು ಕಟ್ಟಿಕೊಳ್ಳಲು ಬಾರದೆ ಮೊಣಕಾಲಿನವರೆಗೆ ಕೆಸರಿಗೆ ಇಳಿದರು. ಇಬ್ಬರು ಹುಡುಗಿಯರು ಎಳೆದು ತೆಗೆದರು. ಒಣಚಾಪೆಗಳ ಮೇಲೆ ಸಭೆ ಕೂತೆವು. ಅವರು ಸೂತ್ರವನ್ನು ತಾಳ್ಮೆಯಿಂದಲೇ ಬಿಡಿಸಿ ಹೇಳಿದರು. ಈ ದಂಡೆಯಲ್ಲಿ ಹೆರಿಗೆಯೇ ಇಲ್ಲ, ಇಲ್ಲದ್ದನ್ನು ಮುಂದಕ್ಕೆ ಹೇಗೆ ಎಣಿಸಲಿ ಎಂದರು. ಹಿಂದಿನ ಸಾಲಿನಿಂದ ಗೌರಾಯಿಯ ದನಿ ಬಂತು. ಗೌರಾಯಿ ನಮ್ಮ ದಂಡೆಗೆ ಮೊದಲು ಬಂದಿಳಿದವರಲ್ಲಿ ಒಬ್ಬಳು, ಯಾರನ್ನೂ ಸುಮ್ಮನೆ ಬಿಡುವವಳಲ್ಲ.

“ಹಂಗಾರ ಈ ಹುಡುಗ್ರು ಎಲ್ಲಿಂದ ಬಂದಾವ್ರೀ ಸಾಹೇಬ್ರ? ಹೆಬ್ಬಾತಿನ ಜೋಡಿ ಹಾರಿ ಬಂದಾವೇನು?”

ನಾನು ಎದ್ದು ನಿಂತು, ನೀವು ಎಲ್ಲಿ ಹುಟ್ಟಿದಿರಿ, ಎಲ್ಲಿ ಓದಿದಿರಿ ಎಂದು ಕಟ್ಟಿಮನಿಯವರನ್ನು ಕೇಳಿದೆ. ಅವರಿಗೆ ಸಿಟ್ಟು ಬರಬಹುದೆಂದುಕೊಂಡಿದ್ದೆ. ಬರಲಿಲ್ಲ.

“ನಾನೂ ತಾಯಿ ತವರಾಗ ಹುಟ್ಟಿದಾಂವನ, ತಂಗಿ. ಓದಿದ್ದು ಅಪ್ಪನ ಊರಾಗ. ಆದ್ರ ಆ ಊರಿನ ಹೆಣ್ಣಮಕ್ಕಳು ಹಡೀಲಿಕ್ಕೆ ಅಲ್ಲಿಗೇ ಬರ್ತಿದ್ರು. ಒಂದು ಕೂಸು ಹೊರಗ ಹೋತು, ಒಂದು ಒಳಗ ಬಂತು, ಲೆಕ್ಕ ಸರಿಹೋತು. ನಿಮ್ಮಲ್ಲಿ ಹೋಗೂದಷ್ಟ ಐತಿ.”

ತಪ್ಪು ಎಲ್ಲಿದೆ ಎಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಆ ಸೊನ್ನೆಗೆ ಸಹಿ ಹಾಕಿದ್ದರು. ಹಾಗಾದರೆ ತಿದ್ದಿ ಎಂದೆವು. ಸೂತ್ರ ತಿದ್ದುವುದು ತಮ್ಮ ಕೈಯಲ್ಲಿಲ್ಲ ಎಂದರು. ಆಮೇಲೆ ದನಿ ತಗ್ಗಿಸಿ ಒಂದು ದಾರಿ ಹೇಳಿದರು. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. ಆದರೆ ಎಣಿಕೆವರ್ಷ ಮುಗಿಯುವುದರೊಳಗೆ, ಅಂದರೆ ನೀರು ಮತ್ತೆ ಏರುವುದರೊಳಗೆ, ಈ ದಂಡೆಯಲ್ಲಿ ಒಂದೇ ಒಂದು ಹೆರಿಗೆ ದಾಖಲಾದರೆ ಸಾಕು. ಹುಟ್ಟಿದ್ದು ಒಂದು, ತರಗತಿಯಲ್ಲಿ ಕೂತವರು ಇಷ್ಟೊಂದು, ಹಾಗಾದರೆ ಇಲ್ಲಿ ಒಂದು ಹುಟ್ಟಿಗೆ ಇಷ್ಟೊಂದು ಮಕ್ಕಳು ಬರುತ್ತಾರೆ ಎಂದು ಕಚೇರಿಯ ಎಣಿಕೆಯಂತ್ರ ಆ ಒಂದನ್ನು ಹಿಗ್ಗಿಸುತ್ತದೆ. ಶಾಲೆ ಉಳಿಯುವುದಷ್ಟೇ ಅಲ್ಲ, ಎರಡು ಕೋಣೆ ಹೆಚ್ಚಿಗೆ ಕಟ್ಟಲು ಮಂಜೂರಾತಿ ಬಂದರೂ ಬರಬಹುದು. ಇದನ್ನು ಹೇಳುವಾಗ ಅವರಿಗೇ ನಗು ಬಂತು.

ಸಭೆಯಲ್ಲಿ ಯಾರೂ ನಗಲಿಲ್ಲ. ಎಲ್ಲರೂ ಕತ್ತು ತಿರುಗಿಸಿ ನನ್ನ ವೈನಿಯನ್ನು ನೋಡಿದರು. ವೈನಿ, ಅಂದರೆ ಅಣ್ಣ ಬಸಲಿಂಗನ ಹೆಂಡತಿ ಶಿವಲೀಲಾ, ಚನ್ನಿಯ ತಾಯಿ. ಆಗ ಅವಳಿಗೆ ಏಳು ತಿಂಗಳು ತುಂಬಿತ್ತು. ನೀರು ಏರುವುದರೊಳಗೆ ಹಡೆಯುವವಳು ದಂಡೆಯಲ್ಲಿ ಅವಳೊಬ್ಬಳೇ.

ಆ ದಿನದಿಂದ ಅವಳ ಹೊಟ್ಟೆ ಊರಿನ ಆಸ್ತಿಯಾಯಿತು. ದಾರಿಯಲ್ಲಿ ಕಂಡವರು ಮೊದಲು ಹೊಟ್ಟೆ ನೋಡಿ ಆಮೇಲೆ ಮುಖ ನೋಡುತ್ತಿದ್ದರು. ಅವಳ ಪಾಲಿನ ಕೆಲಸ ಕಸಿದುಕೊಂಡು ಮಾಡಿದರು. ಒಣ ಜಾಗದಲ್ಲಿ ಜೊಂಡಿನ ಹೊಸ ಕೋಣೆ ಕಟ್ಟಲು ಗೂಟ ನೆಟ್ಟರು. ಕರಿಹಾಳದಿಂದ ಅವಳ ತಾಯಿಯನ್ನೇ ಇಲ್ಲಿಗೆ ಕರೆಸುತ್ತೇವೆ ಎಂದರು. ಆದರೆ ಆ ತಾಯಿಗೆ ದೋಣಿಯ ನೀರು ಕಂಡರೇ ತಲೆ ಸುತ್ತುತ್ತದೆ, ಅವರು ಬರಲಾರರು ಎಂಬುದು ಎಲ್ಲರಿಗೂ ಗೊತ್ತಿತ್ತು. ವೈನಿ ಇನ್ನೂ ಒಪ್ಪಿರಲಿಲ್ಲ. ಅವಳನ್ನು ಒಪ್ಪಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಅದನ್ನು ಸಂತೋಷದಿಂದಲೇ ಒಪ್ಪಿಕೊಂಡೆ, ಏಕೆಂದರೆ ಹೋರಾಟ ಎಂದರೆ ಹೀಗೇ ಇರುತ್ತದೆ ಎಂದು ತಿಳಿದಿದ್ದೆ.

ಅವಳು ಹೂಳು ತಟ್ಟುತ್ತ ಕೂತಿದ್ದಳು. ಬೇಡವೆಂದರೂ ಅವಳ ಕೈ ಸುಮ್ಮನಿರುವುದಿಲ್ಲ. ಪಕ್ಕದಲ್ಲಿ ಕೂತು ಕರಪತ್ರದ ಮಾತುಗಳನ್ನೆಲ್ಲ ಹೇಳಿದೆ. ನಿನ್ನ ಒಬ್ಬಳ ತ್ಯಾಗದಿಂದ ಇಡೀ ದಂಡೆಯ ಮಕ್ಕಳು ಉಳಿಯುತ್ತಾರೆ, ಇತಿಹಾಸ ನಿನ್ನ ಬಾಗಿಲಿಗೆ ಬಂದು ನಿಂತಿದೆ ಎಂದೆ.

“ಇತಿಹಾಸಕ್ಕ ಸ್ವಲ್ಪ ಸರದು ನಿಂದ್ರು ಅಂತ ಹೇಳು,” ಎಂದಳು. “ಬಿಸಿಲಿಗೆ ಅಡ್ಡ ಆಗೇತಿ, ರೊಟ್ಟಿ ಒಣಗವಲ್ಲವು.”

ಚನ್ನಿಯ ಹೆಸರೆತ್ತಿದೆ. ಅದು ತಾಗಿತು. ತಟ್ಟುತ್ತಿದ್ದ ಕೈ ನಿಂತಿತು. ಬೆರಳಿನ ಕೆಸರನ್ನು ಚಾಪೆಯ ಅಂಚಿಗೆ ಒರೆಸಿ ನನ್ನ ಕಡೆ ತಿರುಗಿದಳು. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ.

“ಚನ್ನಿ ನನ್ನ ಮಗಳು, ನಿಂಬೆವ್ವ. ಆಕಿ ದೋಣಿ ಹತ್ತಿ ಹೋಗೂದು ನಿನಗಿಂತ ಮೊದಲ ನನ್ನ ಕಣ್ಣಿಗೆ ಬಂದೈತಿ. ಆದ್ರ ಒಂದು ಹೇಳು. ಎಣಿಕಿ ತಪ್ಪೈತಿ ಅಂತ ದಂಡಿ ತುಂಬ ಕೂಗಾಕಿ ನೀನ. ತಪ್ಪ ಎಣಿಕಿಗೆ ನಾ ಯಾಕ ಹಡೀಲಿ? ಈ ವರ್ಷ ನಾನು, ಬರೂ ವರ್ಷ ಇನ್ನೊಬ್ಬಾಕಿ. ಎಷ್ಟ ಮಂದಿ ಹಡದ್ರ ಅವರ ಕಣ್ಣಿಗೆ ನಾವು ಕಾಣ್ತೀವಿ? ವರ್ಷಾನಗಟ್ಟಲೆ ಈ ಕೆಸರ ತಟ್ಟೀನಿ. ನಮ್ಮವ್ವನ ಮನ್ಯಾಗ ಹಗಲ ಹೊತ್ತು ಮಲಗೂದು, ಆಕಿ ಕೈಲೆ ಎಣ್ಣಿ ಹಚ್ಚಿಸಿಕೊಳ್ಳೂದು, ಅದೊಂದ ನಂದು ಅಂತ ಇರೂದು. ಅದನ್ನ ಅವರ ಯಂತ್ರದಾಗ ಹಾಕಂತೀಯೇನು? ಸಾಲಿ ಬೇಕಂದ್ರ ಸಾಲಿ ಕಾಯ್ರಿ. ನನ್ನ ಬಸುರ ಕಾಯಬ್ಯಾಡ್ರಿ.”

ನಾನು ಎದ್ದೆ. ನೇರ ಸಭೆಗೆ ಹೋಗಿ, ನಮ್ಮ ವೈನಿ ಕರಿಹಾಳಕ್ಕೆ ಹೋಗುತ್ತಾಳೆ, ಅವಳು ಹೇಳಿದ್ದು ಸರಿ ಎಂದೆ. ಗದ್ದಲವಾಯಿತು. ಹೆಣ್ಣುಮಕ್ಕಳ ಮಾತಿಗೆ ಶಾಲೆ ಕಳೆದುಕೊಳ್ಳುತ್ತೀರಾ ಎಂದು ಕೆಲವರು, ಮಕ್ಕಳ ಮುಖ ನೋಡಿ ಎಂದು ಕೆಲವರು. ನನ್ನ ಅಣ್ಣ ಎದ್ದು ಹೋಗಿ, ಹೊಸ ಕೋಣೆಗೆಂದು ನೆಟ್ಟ ಗೂಟಗಳನ್ನು ಒಂದೊಂದಾಗಿ ಕಿತ್ತು ತಂದು ನಡುವೆ ಹಾಕಿದ. ಆಮೇಲೆ ಸದ್ದು ಇಳಿಯಿತು. ದಸ್ತಗೀರ ಮಾಸ್ತರರು ಎದ್ದರು. ಅವರಿಗೆ ಹಿಂದಿರುಗಲು ಆದೇಶ ಬಂದಿತ್ತು. ಹೋಗದಿದ್ದರೆ ಕೆಲಸ ಹೋಗುತ್ತದೆ. ಅವರು ಮಾತನಾಡಿದ್ದು ಇಷ್ಟೇ.

“ನಾನೂ ಇಲ್ಲಿ ಹುಟ್ಟಿದಾಂವ ಅಲ್ಲ. ಹಂಗಾರ ಇಷ್ಟ ವರ್ಷ ನಿಮಗ ಕಲಿಸಿದವ್ರ ಯಾರು? ಸೋಮವಾರ ಸಾಲಿ ಐತಿ. ಕಾಲು ತೊಳಕೊಂಡ ಬರ್ರಿ.”

ಅಲ್ಲಿಗೆ ತೀರ್ಮಾನವಾಯಿತು. ನಮ್ಮಲ್ಲಿ ಯಾರೂ ಸೂತ್ರಕ್ಕಾಗಿ ಹಡೆಯುವುದಿಲ್ಲ. ಪದ್ಧತಿ ಬಿಡುವವರು ಬಿಡಲಿ, ಅದು ಅವರವರ ಇಷ್ಟ, ಕಚೇರಿಯ ಇಷ್ಟವಲ್ಲ. ಯಾವ ಮಗುವೂ ಹುಟ್ಟುಸೀಮೆಗೆ ದೋಣಿ ಹತ್ತುವುದಿಲ್ಲ. ಮಾಸ್ತರರ ಊಟ ಮನೆಮನೆಯ ಸರದಿ. ಮೊದಲ ಸರದಿ ಗೌರಾಯಿಯದು. ಅವಳ ಚಟ್ನಿಯ ಖಾರ ತಡೆದುಕೊಂಡರೆ ಸರ್ಕಾರವನ್ನೂ ತಡೆದುಕೊಳ್ಳಬಹುದು ಎಂದು ಮಾಸ್ತರರು ಹೇಳಿದರಂತೆ. ಆಮೇಲೆ ಶಾಲೆಯ ಬಾಗಿಲಿನ ಪ್ರಶ್ನೆ ಬಂತು. ನಮ್ಮ ಮನೆಗಳಿಗೆ ಬಾಗಿಲಿಲ್ಲ, ಜೊಂಡಿನ ತೆರೆ ಮಾತ್ರ. ಮರದ ಬಾಗಿಲು ಇರುವುದು ಶಾಲೆಗೊಂದಕ್ಕೇ. ಶಾಲೆ ಮುಚ್ಚಿ ಮುದ್ರೆ ಹಾಕಲು ಬರುವ ಕಚೇರಿಯವರು ಬೀಗ ತರುವುದು ಆ ಬಾಗಿಲಿಗೆ. ಹಾಗಾಗಿ ಅದನ್ನು ಕೀಲು ಬಿಚ್ಚಿ ತೆಗೆದೆವು. ಕಿಟಕಿಯ ಕದಗಳನ್ನೂ ಬಿಡಲಿಲ್ಲ. ಈಗ ನಮ್ಮ ಶಾಲೆಗೆ ನಾಲ್ಕು ಗೋಡೆ, ಒಂದು ಮಾಡು, ಮುಚ್ಚಲಾಗದ ಕಂಡಿಗಳು. ಗಾಳಿ ಚೆನ್ನಾಗಿ ಆಡುತ್ತದೆ.

ಇಂದು ಬೆಳಿಗ್ಗೆ ವೈನಿ ಹೊರಟಳು. ನೀರು ಬಹಳ ಹಿಂದೆ ಸರಿದಿದೆ. ದೋಣಿಗೂ ದಂಡೆಗೂ ನಡುವೆ ಹಲಗೆಗಾಲು ಕೂಡ ನಿಲ್ಲದಂಥ ಕೆಸರು. ತುಂಬಿದ ಬಸುರಿಯನ್ನು ಅದರಲ್ಲಿ ಹೇಗೆ ದಾಟಿಸುವುದು ಎಂದು ಎಲ್ಲರೂ ಒಂದೊಂದು ಹೇಳುತ್ತಿರುವಾಗ, ನಾನೂ ಅಣ್ಣನೂ ಶಾಲೆಯ ಬಾಗಿಲನ್ನು ಹೊತ್ತು ತಂದು ಕೆಸರಿನ ಮೇಲೆ ಹಾಸಿದೆವು. ಅವಳು ಅದರ ಮೇಲೆ ಕಾಲಿಟ್ಟು ನಡೆದು ದೋಣಿ ಹತ್ತಿದಳು. ಚನ್ನಿ ಅಳಲಿಲ್ಲ, ತಮ್ಮನೋ ತಂಗಿಯೋ ಬಂದರೆ ಮೊದಲು ತನಗೇ ತೋರಿಸಬೇಕು ಎಂದು ಮಾತು ತೆಗೆದುಕೊಂಡಳು. ದೋಣಿ ತಿರುಗುವಾಗ ವೈನಿ ನನ್ನನ್ನು ಕರೆದು, ಚನ್ನಿಯ ಜಡೆ ಬಿಗಿಯಾಗಿ ಹಾಕು, ನೀನು ಹಾಕಿದ್ದು ಮಧ್ಯಾಹ್ನಕ್ಕೇ ಬಿಚ್ಚುತ್ತದೆ ಎಂದಳು. ಇತಿಹಾಸದ ಬಗ್ಗೆ ಏನೂ ಹೇಳಲಿಲ್ಲ.

ಹಿಂದಿನವರೇ, ನಿಮ್ಮಿಂದ ನನಗೆ ಬೇಕಾದದ್ದು ಒಂದೇ. ನಿಮ್ಮ ಮೇಜಿನ ಮೇಲೆ ಆ ಸೂತ್ರ ಇನ್ನೂ ಹೊಸದಾಗಿದೆ, ಇನ್ನೂ ತಿದ್ದಬಹುದಾಗಿದೆ. ಎಣಿಸಬೇಡಿ ಎಂದು ನಾನು ಹೇಳುವುದಿಲ್ಲ. ಎಣಿಸದಿದ್ದರೆ ಎರಡು ಮಕ್ಕಳ ಬೆಂಚಿನ ಮೇಲೆ ಐದು ಮಕ್ಕಳು ಕೂರಬೇಕಾಗುತ್ತದೆ ಎಂದು ನನಗೂ ಗೊತ್ತು. ಆದರೆ ಮಗು ಹುಟ್ಟಿದ್ದೆಲ್ಲಿ ಎಂದು ಬರೆದುಕೊಂಡ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: ಇದನ್ನು ಎತ್ತಿಕೊಂಡು ಎಲ್ಲಿಗೆ ಹೋಗುತ್ತೀ ತಾಯಿ? ಅವಳು ಹೇಳುತ್ತಾಳೆ. ಹೇಳಿದ್ದನ್ನು ನಂಬಿ. ಯಾವುದಾದರೂ ಊರಿನ ಮುಂದೆ ಸೊನ್ನೆ ಬರೆಯುವ ಮೊದಲು ಆ ಊರಿನ ಶಾಲೆಗೆ ಹೋಗಿ, ಗೋಡೆಗೆ ಒರಗಿ, ಒಂದು ಪಾಠ ಮುಗಿಯುವವರೆಗೆ ನಿಂತುಕೊಳ್ಳಿ. ಕಾಲು ತೊಳೆದುಕೊಂಡು ಹೋಗಿ.

ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಮುಂದೆ ಏನಾಗುತ್ತದೆ ಎಂದು ಹೇಳುವ ಕೆಲಸವನ್ನೂ, ಹಾಗೆ ಆಗುವಂತೆ ಮಾಡುವ ಅಧಿಕಾರವನ್ನೂ ಒಬ್ಬರ ಕೈಗೇ ಕೊಡಬೇಡಿ. ಕೊಟ್ಟರೆ ಅವರು ಎಂದೂ ತಪ್ಪುವುದಿಲ್ಲ, ನೀವು ಎಂದೂ ಉಳಿಯುವುದಿಲ್ಲ.

ನೀವು ತಿದ್ದುತ್ತೀರೋ ಇಲ್ಲವೋ ನನಗೆ ತಿಳಿಯುವ ಬಗೆಯಿಲ್ಲ. ತಿದ್ದಿದ್ದರೆ ಈ ಪತ್ರ ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲ ಎಂದು ಯಾರಾದರೂ ಜಾಣರು ಹೇಳಬಹುದು. ಹೇಳಲಿ. ನಾಳೆ ಮುದ್ರೆಯವರ ದೋಣಿ ಬರುತ್ತದೆ. ದಸ್ತಗೀರ ಮಾಸ್ತರರು ಎರಡನೇ ತರಗತಿಗೆ ಗುಣಾಕಾರ ಶುರು ಮಾಡುತ್ತಾರೆ, ಚನ್ನಿ ಮುಂದಿನ ಸಾಲಿನಲ್ಲಿ ಕೂರುತ್ತಾಳೆ, ದೊಡ್ಡವರು ನಾವೆಲ್ಲ ಅವರ ಹಿಂದೆ ಗೋಡೆಯವರೆಗೆ ಕೂರುತ್ತೇವೆ. ಬಂದವರು ಬೀಗ ಹಿಡಿದುಕೊಂಡು ಎಷ್ಟು ಹೊತ್ತು ಬೇಕಾದರೂ ಹೊರಗೆ ನಿಲ್ಲಬಹುದು. ಬೇಸರವಾದರೆ ಒಳಗೆ ಬಂದು ನಮ್ಮನ್ನು ಎಣಿಸಬಹುದು.

ಹೋಗಿ ಬನ್ನಿ. ನನಗೆ ಜಡೆ ಹಾಕುವುದಿದೆ.

ನಿಂಬೆವ್ವ
ಹೊಸದಂಡೆಯವಳು